ಟಿಡಿಎಸ್ ಅಂದ್ರೆ ಯಾವ ಟಿಡಿಎಸ್? ಫಿಲ್ಟರ್ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಡಾಕ್ಟರ ಚೀಟಿ

ಶಿರಾ_ಗೇಟ್

ಎಲ್ಲರಿಗೂ ನಮಸ್ಕಾರ. ಮೂರು ಕಾಗದ, ಮೂರರಲ್ಲೂ ಟಿಡಿಎಸ್. ಇದ್ದದ್ದನ್ನ ಇದ್ದ ಹಾಗೆ ಬರೀತೀನಿ.

ವಾಟರ್ ಫಿಲ್ಟರ್ ಸರ್ವೀಸ್ ಚೀಟಿ: "ಇನ್‌ಪುಟ್ ಟಿಡಿಎಸ್ 940, ಔಟ್‌ಪುಟ್ 62. ಕಂಟ್ರೋಲರ್ ತಿರುಗಿಸಿದರೆ 200ಕ್ಕೆ ತರಬಹುದು." ಬೋರ್‌ವೆಲ್ ನೀರು, ಆರ್‌ಒ ಮಷಿನ್.

ಬ್ಯಾಂಕ್ ಸ್ಟೇಟ್‌ಮೆಂಟ್, 2025–26: "ಎಫ್‌ಡಿ ಬಡ್ಡಿ 61,500, ಟಿಡಿಎಸ್ 6,150." ಖಾತೆದಾರರಿಗೆ 58 ವರ್ಷ, ಬೇರೆ ಆದಾಯ ಏನೂ ಇಲ್ಲ.

ಡಾಕ್ಟರ ಚೀಟಿ: "ಕ್ಯಾಪ್. ಅಮಾಕ್ಸಿಸಿಲಿನ್ 500 – ಟಿಡಿಎಸ್ × 5/7." ಅದರ ಕೆಳಗೆ "ಟ್ಯಾಬ್. ಪ್ಯಾಂಟೊಪ್ರಜೋಲ್ 40 – ಒಡಿ ಎಸಿ." ಮೆಡಿಕಲ್ ಸ್ಟೋರ್‌ನವರು 15 ಕ್ಯಾಪ್ಸೂಲ್ ಕೊಟ್ಟಿದ್ದಾರೆ.

62 ಒಳ್ಳೆಯದಾ, 200 ಒಳ್ಳೆಯದಾ? 6,150 ವಾಪಸ್ ಬರುತ್ತಾ? 5/7 ಅಂದ್ರೆ ಏನು? ಬಲ್ಲವರು ಬಿಡಿಸಿ ಹೇಳಿ.

ಮಾತ್ರೆಡಬ್ಬಿ

ಔಷಧಿಯದ್ದು ಮೊದಲು ಹೇಳಿಬಿಡ್ತೀನಿ, ಅದು ತಡ ಮಾಡೋ ವಿಷಯ ಅಲ್ಲ.

ಚೀಟಿಯಲ್ಲಿರೋ ಟಿಡಿಎಸ್ ಲ್ಯಾಟಿನ್ ಭಾಷೆಯ "ಟೆರ್ ಡೈ ಸುಮೆಂಡಮ್", ಅಂದ್ರೆ ದಿನಕ್ಕೆ ಮೂರು ಸಲ ತಗೊಳ್ಳೋದು. ಕೆಲವು ಡಾಕ್ಟರು ಟಿಐಡಿ ಅಂತ ಬರೀತಾರೆ, ಅರ್ಥ ಅದೇ. ಪಕ್ಕದ 5/7 ಬ್ರಿಟಿಷರ ಕಾಲದಿಂದ ಉಳಿದ ಪದ್ಧತಿ: ಕೆಳಗೆ 7 ಇದ್ರೆ ಮೇಲಿನದು ದಿನ, 52 ಇದ್ರೆ ವಾರ, 12 ಇದ್ರೆ ತಿಂಗಳು. 5/7 ಅಂದ್ರೆ 5 ದಿನ, 2/52 ಅಂದ್ರೆ 2 ವಾರ, 3/12 ಅಂದ್ರೆ 3 ತಿಂಗಳು. ದಿನಕ್ಕೆ 3ರಂತೆ 5 ದಿನಕ್ಕೆ 15. ಅಂಗಡಿಯವರು ಕೊಟ್ಟ ಲೆಕ್ಕ ಸರಿಯಾಗಿದೆ. ಯಾವ ಚೀಟಿ ಬಂದ್ರೂ ಹೀಗೊಂದು ಗುಣಾಕಾರ ಮಾಡಿ ನೋಡಿ; ಎಣಿಕೆ ಹೊಂದದಿದ್ರೆ ಅಂಗಡಿ ಮೆಟ್ಟಿಲು ಇಳಿಯೋ ಮುಂಚೆ ಕೇಳಿ.

ಬಹಳ ಜನ ತಪ್ಪೋದು ಎಲ್ಲಿ ಅಂದ್ರೆ, ಟಿಡಿಎಸ್ ಅಂದ್ರೆ ತಿಂಡಿ, ಊಟ, ರಾತ್ರಿ ಊಟದ ಜೊತೆ ಅಂದುಕೊಳ್ಳೋದು. ಬೆಳಗ್ಗೆ 9ಕ್ಕೆ, ಮಧ್ಯಾಹ್ನ 1ಕ್ಕೆ, ರಾತ್ರಿ 8ಕ್ಕೆ ನುಂಗಿದ್ರೆ ಮೊದಲ ಎರಡರ ನಡುವೆ 4 ಗಂಟೆ, ರಾತ್ರಿಯಿಂದ ಬೆಳಗಿನವರೆಗೆ 13 ಗಂಟೆ. ಅಮಾಕ್ಸಿಸಿಲಿನ್ ಥರದ ಆಂಟಿಬಯಾಟಿಕ್ ರಕ್ತದಲ್ಲಿ ಬಹಳ ಹೊತ್ತು ನಿಲ್ಲಲ್ಲ. ಆ 13 ಗಂಟೆಯಲ್ಲಿ ಬಹುಪಾಲು ಹೊತ್ತು ಮದ್ದಿನ ಮಟ್ಟ ಇಳಿದು, ಸೋಂಕು ಮತ್ತೆ ಚಿಗುರೋಕೆ ಜಾಗ ಆಗುತ್ತೆ. ಆಂಟಿಬಯಾಟಿಕ್‌ಗೆ ಟಿಡಿಎಸ್ ಅಂದ್ರೆ ಹತ್ತಿರ ಹತ್ತಿರ 8 ಗಂಟೆಗೊಮ್ಮೆ: ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಅಮಾಕ್ಸಿಸಿಲಿನ್‌ಗೆ ಊಟದ ಹಂಗಿಲ್ಲ, ಮುಂಚೆಯೂ ಆದೀತು, ಆಮೇಲೂ ಆದೀತು.

ಒಂದು ಹೊತ್ತು ಮರೆತ್ರೆ ನೆನಪಾದ ಕೂಡಲೇ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ರೆ ಮರೆತದ್ದನ್ನ ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ನುಂಗಬೇಡಿ. ಮೂರನೇ ದಿನಕ್ಕೆ ಜ್ವರ ಬಿಡ್ತು ಅಂತ ಉಳಿದ 6 ಕ್ಯಾಪ್ಸೂಲ್ ಡಬ್ಬಿಗೆ ಹಾಕಿಡೋದೂ ಬೇಡ. ನಿಲ್ಲಿಸಬೇಕು ಅನ್ನಿಸಿದ್ರೆ ಬರೆದ ಡಾಕ್ಟರನ್ನೇ ಕೇಳಿ.

ಎರಡನೇ ಸಾಲಿನ "ಒಡಿ" ದಿನಕ್ಕೆ ಒಂದು, "ಎಸಿ" ಊಟಕ್ಕೆ ಮುಂಚೆ. ಪ್ಯಾಂಟೊಪ್ರಜೋಲ್ ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು, ಜಗಿಯದೆ ಪುಡಿ ಮಾಡದೆ ಇಡಿಯಾಗಿ ನುಂಗೋ ಮಾತ್ರೆ. "ಪಿಸಿ" ಅಂತಿದ್ರೆ ಊಟದ ನಂತರ. ಬಿಡಿ ದಿನಕ್ಕೆ ಎರಡು, ಕ್ಯೂಐಡಿ ನಾಲ್ಕು, ಎಚ್‌ಎಸ್ ಮಲಗೋ ಹೊತ್ತಿಗೆ, ಎಸ್‌ಒಎಸ್ ಬೇಕಾದಾಗ ಮಾತ್ರ.

ಕಣ್ಣಾಸ್ಪತ್ರೆ_ಕೌಂಟರ್

ಮಾತ್ರೆಡಬ್ಬಿ ಅವರ ಮಾತಿಗೆ ಒಂದು ಸೇರಿಸ್ತೀನಿ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಒಡಿ ಅಂದ್ರೆ ಬಲಗಣ್ಣು, ಒಎಸ್ ಎಡಗಣ್ಣು, ಒಯು ಎರಡೂ. ಹಾಗಾಗಿ "ಡ್ರಾಪ್ಸ್ – ಒಡಿ – ಟಿಡಿಎಸ್" ಅಂದ್ರೆ ಬಲಗಣ್ಣಿಗೆ ದಿನಕ್ಕೆ ಮೂರು ಸಲ. ಇದನ್ನ "ದಿನಕ್ಕೊಂದು, ದಿನಕ್ಕೆ ಮೂರು, ಯಾವುದು ಸರಿ" ಅಂತ ಕೇಳಿಕೊಂಡು ಬರೋರು ಬಹಳ. ಈ ಗೊಂದಲದಿಂದಲೇ ಔಷಧ ಸುರಕ್ಷತೆಯ ಸಂಸ್ಥೆಗಳು ಒಡಿ ಅಂತ ಬರೆಯಬೇಡಿ, ಪೂರ್ತಿ ಪದ ಬರೆಯಿರಿ ಅಂತ ಹೇಳ್ತಾ ಬಂದಿವೆ. ನಮ್ಮ ಕಡೆಯ 1-1-1, 1-0-1 ಪದ್ಧತಿ ಎಲ್ಲಕ್ಕಿಂತ ಸ್ಪಷ್ಟ ಅಂತ ನನ್ನ ಅಭಿಪ್ರಾಯ.

ಎರಡು ಬೇರೆ ಬೇರೆ ಡ್ರಾಪ್ಸ್ ಇದ್ರೆ ನಡುವೆ 5 ನಿಮಿಷ ಬಿಡಿ, ಇಲ್ಲದಿದ್ರೆ ಎರಡನೆಯದು ಮೊದಲನೆಯದನ್ನ ತೊಳೆದು ಹಾಕುತ್ತೆ. ಒಂದು ಸಲಕ್ಕೆ ಒಂದೇ ಹನಿ ಸಾಕು, ಎರಡನೇ ಹನಿ ಕೆನ್ನೆ ಮೇಲೆ ಹರಿಯುತ್ತೆ ಅಷ್ಟೆ.

ನಂದಾದೀಪ

ಮಕ್ಕಳ ಸಿರಪ್‌ಗೆ "5 ಎಂಎಲ್ ಟಿಡಿಎಸ್" ಅಂತಿದ್ರೆ ಟೀ ಚಮಚ ನಡೆಯುತ್ತಾ?

ಮಾತ್ರೆಡಬ್ಬಿ

ಬೇಡ ಅಕ್ಕ. ಮನೆ ಚಮಚಗಳ ಅಳತೆ ಒಂದೊಂದು ಒಂದೊಂದು ಥರ. ಬಾಟಲಿ ಜೊತೆ ಬರೋ ಗೆರೆ ಇರೋ ಮುಚ್ಚಳ, ಅಥವಾ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಬಳಸಿ. ಇನ್ನೊಂದು ಮುಖ್ಯ ವಿಷಯ: ಪ್ಯಾರಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರೋದೂ ಸಿಗುತ್ತೆ, 250 ಮಿಲಿಗ್ರಾಂ ಇರೋದೂ ಸಿಗುತ್ತೆ. ಹಳೇ ಬಾಟಲಿ ಖಾಲಿಯಾಗಿ ಹೊಸದು ತಂದಾಗ ಅದೇ 5 ಎಂಎಲ್ ಕೊಟ್ರೆ ಪ್ರಮಾಣ ಎರಡರಷ್ಟಾಗಬಹುದು. ಚೀಟಿಯಲ್ಲಿರೋ ಮಿಲಿಗ್ರಾಂ ಮತ್ತು ಬಾಟಲಿ ಮೇಲಿನ ಮಿಲಿಗ್ರಾಂ ಪಕ್ಕಪಕ್ಕ ಇಟ್ಟು ಓದಿ.

ಫಿಲ್ಟರ್_ಮೆಕ್ಯಾನಿಕ್

ನೀರಿನ ವಿಷಯಕ್ಕೆ ಬರೋಣ. ಇಲ್ಲಿ ಟಿಡಿಎಸ್ ಅಂದ್ರೆ ನೀರಿನಲ್ಲಿ ಕರಗಿರೋ ಘನವಸ್ತುಗಳ ಒಟ್ಟು ಮೊತ್ತ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್, ಸಲ್ಫೇಟ್, ಬೈಕಾರ್ಬೊನೇಟ್, ನೈಟ್ರೇಟ್. ಅಳತೆ ಲೀಟರಿಗೆ ಮಿಲಿಗ್ರಾಂ. ಪಿಪಿಎಂ ಅಂದ್ರೂ ಇಲ್ಲಿ ಅದೇ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500:2012 ಪ್ರಕಾರ 500ರ ತನಕ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದ ಕಡೆ 2000ದ ತನಕ ಸಹಿಸಬಹುದು.

ಮೊದಲು ಮೀಟರ್ ಬಗ್ಗೆ. ಪೆನ್ ಥರದ ಮೀಟರ್ ಉಪ್ಪನ್ನ ತೂಗಲ್ಲ. ತುದಿಯ ಎರಡು ಕಡ್ಡಿಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ, ಆ ವಾಹಕತೆಯನ್ನ 0.5 ಇಂದ 0.7ರ ಒಳಗಿನ ಒಂದು ಗುಣಕದಿಂದ ಗುಣಿಸಿ ತೋರಿಸುತ್ತೆ. ಅದಕ್ಕೇ ಎರಡು ಕಂಪನಿ ಮೀಟರ್ ಒಂದೇ ಲೋಟದಲ್ಲಿ 860, 940 ಅಂತ ಬೇರೆ ಬೇರೆ ತೋರಿಸೋದು. ಎರಡೂ ಕೆಟ್ಟಿಲ್ಲ, ಗುಣಕ ಬೇರೆ ಇರುತ್ತೆ.

ಒಂದು ಲೋಟ ಆರ್‌ಒ ನೀರಿಗೆ ಎರಡು ಚಮಚ ಸಕ್ಕರೆ ಹಾಕಿ ಕದಡಿ, ಮೀಟರ್ ಅದ್ದಿ ನೋಡಿ. ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತೆ, ಯಾಕಂದ್ರೆ ಕರಗಿದ ಸಕ್ಕರೆ ವಿದ್ಯುತ್ ಹರಿಸಲ್ಲ. ಅದೇ 1 ಲೀಟರ್ ನೀರಿಗೆ 1 ಗ್ರಾಂ ಪುಡಿ ಉಪ್ಪು ಹಾಕಿದ್ರೆ 0.5 ಗುಣಕದ ಮೀಟರ್ ಸುಮಾರು 1000 ಏರುತ್ತೆ. ಕೀಟನಾಶಕ, ಬ್ಯಾಕ್ಟೀರಿಯಾ ಇವೂ ಸಕ್ಕರೆ ಹಾಗೇ ಮೀಟರ್ ಕಣ್ಣಿಗೆ ಬೀಳಲ್ಲ. ಚರಂಡಿ ಬೆರೆತ ನಲ್ಲಿ ನೀರು 180 ತೋರಿಸಬಹುದು. 180 ಇದೆ ಅಂತ ಅದನ್ನ ಕುಡಿಯೋಕಾಗಲ್ಲ.

ಅಳೆಯುವಾಗ ಎಡವೋದು ಹೆಚ್ಚಾಗಿ ಇಲ್ಲಿ:

999 ದಾಟಿದ ಮೇಲೆ ಅಗ್ಗದ ಮೀಟರ್ ಮೂರೇ ಅಂಕಿ ತೋರಿಸಿ, ಮೂಲೆಯಲ್ಲಿ ಸಣ್ಣದಾಗಿ "×10" ಅಂತ ಹಾಕುತ್ತೆ. 128 ಅಂತ ಕಂಡು ಖುಷಿಪಟ್ಟ ಬೋರ್‌ವೆಲ್ ನೀರು 1280 ಇರುತ್ತೆ.

ಬಟನ್ ಒತ್ತಿ ಹಿಡಿದ್ರೆ ಕೆಲವು ಮೀಟರ್ ಪಿಪಿಎಂ ಬಿಟ್ಟು ಮೈಕ್ರೊಸೀಮೆನ್ಸ್‌ಗೆ ಹೋಗುತ್ತೆ. ಆಗ 940 ಇದ್ದದ್ದು 1880 ಆಸುಪಾಸು ಆಗುತ್ತೆ. ಪರದೆ ಮೇಲಿನ ಮಾನ ಓದದೆ ಫಿಲ್ಟರ್ ಕೆಟ್ಟಿದೆ ಅನ್ನಬೇಡಿ.

ಬಿಸಿ ನೀರಲ್ಲಿ ಅದ್ದಬೇಡಿ. ಒಂದು ಡಿಗ್ರಿ ಏರಿದ್ರೆ ವಾಹಕತೆ ಸುಮಾರು 2% ಏರುತ್ತೆ. ಮೀಟರ್‌ನಲ್ಲಿ ತಾಪಮಾನ ಸರಿದೂಗಿಸೋ ವ್ಯವಸ್ಥೆ ಇದ್ರೂ ಅದಕ್ಕೊಂದು ಮಿತಿ ಇದೆ. ಕಡ್ಡಿ ಮುಳುಗೋಷ್ಟು ಅದ್ದಿ, ಗುಳ್ಳೆ ಹೋಗೋ ಹಾಗೆ ಲೋಟದ ಅಂಚಿಗೆ ಮೆಲ್ಲಗೆ ತಟ್ಟಿ, ಅಂಕಿ ನಿಲ್ಲೋ ತನಕ ಕಾಯಿರಿ.

ಬೆಳಗ್ಗೆ ಎದ್ದ ಕೂಡಲೇ ಬರೋ ಮೊದಲ ಲೋಟ ಅಳೆಯಬೇಡಿ. ರಾತ್ರಿಯೆಲ್ಲ ಪಂಪ್ ನಿಂತಿದ್ದಾಗ ಒತ್ತಡ ಇರಲ್ಲ, ಮೆಂಬ್ರೇನ್‌ನ (ಉಪ್ಪು ತಡೆಯೋ ಪೊರೆ) ಆ ಕಡೆಯ ಉಪ್ಪು ನಿಧಾನಕ್ಕೆ ಈ ಕಡೆ ಬಂದಿರುತ್ತೆ. ಮಷಿನ್ 5 ನಿಮಿಷ ಓಡಲಿ, ಆಮೇಲೆ ಪೈಪಿಂದ ಬರೋ ನೀರನ್ನೇ ಹಿಡಿದು ಅಳೆಯಿರಿ.

ಇನ್ನು ನಿಮ್ಮ ಚೀಟಿ. 940 ಒಳಗೆ, 62 ಹೊರಗೆ. 940ರಲ್ಲಿ 62 ಕಳೆದ್ರೆ 878. ಅದನ್ನ 940ರಿಂದ ಭಾಗಿಸಿದ್ರೆ 93.4%. ಮೆಂಬ್ರೇನ್ ಚೆನ್ನಾಗಿ ಕೆಲಸ ಮಾಡ್ತಿದೆ. ಇದು 85%ಗಿಂತ ಕೆಳಗಿಳಿದ್ರೆ ಬದಲಿಸೋ ಯೋಚನೆ ಮಾಡಿ. "ವರ್ಷ ಆಯ್ತು, ಮೆಂಬ್ರೇನ್ ಹಾಕಲೇಬೇಕು" ಅನ್ನೋರಿಗೆ ಈ ಲೆಕ್ಕ ತೋರಿಸಿ. ಸೆಡಿಮೆಂಟ್ ಮತ್ತು ಕಾರ್ಬನ್ ಕಾರ್ಟ್ರಿಜ್ ಬೇರೆ ವಿಷಯ, ಅವನ್ನ ಹೊತ್ತಿಗೆ ಸರಿಯಾಗಿ ಬದಲಿಸಿ. ಅವು ಕೆಟ್ರೆ ಮಣ್ಣು ಮತ್ತು ಕ್ಲೋರಿನ್ ಹೋಗಿ ಮೆಂಬ್ರೇನ್ ಹಾಳಾಗುತ್ತೆ.

ಶಿರಾ_ಗೇಟ್

ಧನ್ಯವಾದ ಸರ್. ಹಾಗಾದ್ರೆ 62ನ್ನ 200ಕ್ಕೆ ಏರಿಸೋದು ಬೇಕಾ? "62 ತುಂಬ ಕಡಿಮೆ, ಮೂಳೆಗೆ ಕೆಟ್ಟದ್ದು" ಅಂತ ಸರ್ವೀಸ್‌ನವರು ಅಂದ್ರು.

ಬಯಲುಸೀಮೆ_ಬೋರ್‌ವೆಲ್

ಇದಕ್ಕೆ ನಾನು ಉತ್ತರಿಸ್ತೀನಿ, ಯಾಕಂದ್ರೆ ನಮ್ಮ ಭಾಗದ ನೀರಿಗೆ ಇದು ದೊಡ್ಡ ಪ್ರಶ್ನೆ.

ಮಾನಕದಲ್ಲಿ ಟಿಡಿಎಸ್‌ಗೆ ಗರಿಷ್ಠ ಮಿತಿ ಇದೆ, ಕನಿಷ್ಠ ಮಿತಿ ಇಲ್ಲ. ದೇಹಕ್ಕೆ ಬೇಕಾದ ಕ್ಯಾಲ್ಸಿಯಂ ಬಹುಪಾಲು ರಾಗಿ, ಹಾಲು, ಸೊಪ್ಪು, ಕಾಳಿನಿಂದ ಬರಬೇಕು. ನೀರಿನದು ಸಣ್ಣ ಪಾಲು. 62ರ ನೀರು ಸಪ್ಪೆ ಅನ್ನಿಸಬಹುದು, ಅದು ರುಚಿಯ ಮಾತು.

ಕಂಟ್ರೋಲರ್ ಅನ್ನೋದು ಒಂದು ಸಣ್ಣ ತಿರುಪು. ಆರ್‌ಒ ದಾಟದ ನೀರನ್ನ ಸ್ವಲ್ಪ ಸ್ವಲ್ಪ ಆರ್‌ಒ ನೀರಿಗೆ ಬೆರೆಸುತ್ತೆ. ಅದು "ಮಿನರಲ್" ಹಾಕಲ್ಲ, ಬೋರ್‌ವೆಲ್ ನೀರನ್ನೇ ಹಾಕುತ್ತೆ. 62ರ ನೀರಿಗೆ 940ರದ್ದು 15% ಬೆರೆತ್ರೆ ಸುಮಾರು 194 ಆಗುತ್ತೆ. ಅವರು ಹೇಳಿದ 200 ಇದೇ. ಆ 15%ರ ಜೊತೆ ಇನ್ನೇನು ಬರುತ್ತೆ ಅನ್ನೋದು ನೋಡಬೇಕಾದ್ದು.

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ರೆ 1.5. ಮೀಟರ್‌ನಲ್ಲಿ 940 ಕಾಣೋ ಎರಡು ಬೋರ್‌ವೆಲ್‌ಗಳಲ್ಲಿ ಒಂದರದ್ದು 0.6, ಇನ್ನೊಂದರದ್ದು 3 ಇರಬಹುದು. ಮೀಟರ್‌ಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ, ಹಲ್ಲಿಗೆ ಮೂಳೆಗೆ ಗೊತ್ತಾಗುತ್ತೆ. 3 ಇರೋ ನೀರು 15% ಬೆರೆತ್ರೆ, ಆರ್‌ಒ ದಾಟಿ ಬಂದದ್ದೂ ಸೇರಿ, 0.6 ಸುಮಾರಿಗೆ ಮಿತಿಯೊಳಗೇ ಇರುತ್ತೆ. ತಿರುಪು ಸಡಿಲವಾಗಿ 40% ಬೆರೆತ್ರೆ 1.3 ಆಗುತ್ತೆ, ಆಗಲೂ ಮೀಟರ್ 413 ಅಂತ "ಚೆನ್ನಾಗಿದೆ" ಅನ್ನೋ ಅಂಕಿ ತೋರಿಸುತ್ತೆ. ಆ ತಿರುಪಿಗೆ ಗುರುತಿನ ಗೆರೆಯೂ ಇರಲ್ಲ. ಬೆರೆಯೋ ನೀರು ಮೆಂಬ್ರೇನ್ ದಾಟಿರಲ್ಲ, ಹಾಗಾಗಿ ರೋಗಾಣು ತಡೆಯೋದು ಯುವಿ ದೀಪ ಒಂದರ ಮೇಲೇ ನಿಲ್ಲುತ್ತೆ.

ಫ್ಲೋರೈಡ್ ಮತ್ತು ನೈಟ್ರೇಟ್ ವರದಿ ಕೈಗೆ ಬರೋ ತನಕ ಕಂಟ್ರೋಲರ್ ಪೂರ್ತಿ ಮುಚ್ಚಿಡಿ. ಇದು ನನ್ನ ಖಚಿತ ಸಲಹೆ. ನೈಟ್ರೇಟ್ ಮಿತಿ 45, ಅದಕ್ಕೆ ರಿಯಾಯಿತಿ ಇಲ್ಲ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡ್ತಾರೆ. ಪಂಪ್ 5–10 ನಿಮಿಷ ಓಡಿದ ಮೇಲೆ, ತೊಳೆದ ಪ್ಲಾಸ್ಟಿಕ್ ಬಾಟಲಿಯನ್ನ ಅದೇ ನೀರಲ್ಲಿ ಎರಡು ಮೂರು ಸಲ ಗಲಬರಿಸಿ, 1 ಲೀಟರ್ ತುಂಬಿ, ಊರು, ದಿನ, ಬೋರ್‌ವೆಲ್ ಆಳ ಬರೆದು ಕೊಡಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾತ್ರ ಈ ಬಾಟಲಿ ಆಗಲ್ಲ. ಪ್ರಯೋಗಾಲಯದವರು ಕೊಡೋ ಶುದ್ಧೀಕರಿಸಿದ ಬಾಟಲಿಯಲ್ಲೇ ಹಿಡಿದು ಅದೇ ದಿನ ತಲುಪಿಸಿ.

ಫಿಲ್ಟರ್_ಮೆಕ್ಯಾನಿಕ್

ನೂರಕ್ಕೆ ನೂರು ಒಪ್ತೀನಿ. ಇದರ ಇನ್ನೊಂದು ಮಗ್ಗುಲು: ಬೆಂಗಳೂರಲ್ಲಿ ಕಾವೇರಿ ನೀರು ಮಾತ್ರ ಬರೋ ಮನೆಗೆ ಆರ್‌ಒ ಮಾರ್ತಾರೆ. ಆ ನೀರಿನ ಟಿಡಿಎಸ್ ಸಾಮಾನ್ಯವಾಗಿ 500ರ ಒಳಗೇ ಇರುತ್ತೆ. ಅಲ್ಲಿ ಯುವಿ ದೀಪ ಅಥವಾ ಯುಎಫ್ (ಸಣ್ಣ ರಂಧ್ರದ ಸೋಸು ಪೊರೆ) ಸಾಕು. 500ಕ್ಕಿಂತ ಕಡಿಮೆ ಇರೋ ಕಡೆ ಆರ್‌ಒ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿತ್ತು, ಕಾರಣ ಪೋಲಾಗೋ ನೀರು. ಕಾವೇರಿ ಜೊತೆ ಟ್ಯಾಂಕರ್ ನೀರು ಬೆರೆಯೋ ಅಪಾರ್ಟ್‌ಮೆಂಟ್ ಆದ್ರೆ ಲೆಕ್ಕ ಬೇರೆ. ಸಂಪಿನ ನೀರನ್ನ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅಳೆದು ನಿರ್ಧರಿಸಿ.

ಸುಜಾತ_ಹೊಸಪೇಟೆ

ನೀರು ಕುದಿಸಿದ್ರೆ ಟಿಡಿಎಸ್ ಕಡಿಮೆ ಆಗುತ್ತಾ? ಮನೆಗೆ ಸಾಫ್ಟ್‌ನರ್ ಹಾಕಿಸಿದ್ರೆ?

ಫಿಲ್ಟರ್_ಮೆಕ್ಯಾನಿಕ್

ಕುದಿಸಿದ್ರೆ ರೋಗಾಣು ಸಾಯುತ್ತೆ, ಉಪ್ಪು ಹೋಗಲ್ಲ ಮೇಡಂ. ಗಡಸಿನ ಒಂದು ಭಾಗ ಪಾತ್ರೆ ತಳಕ್ಕೆ ಬಿಳಿ ಪದರವಾಗಿ ಕೂರುತ್ತೆ, ಅಷ್ಟು ಮಟ್ಟಿಗೆ ಇಳಿಯಬಹುದು. ಬಹಳ ಹೊತ್ತು ಕುದಿಸಿದ್ರೆ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್, ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತೆ.

ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತೆ. ಸೋಪು ನೊರೆ ಬರುತ್ತೆ, ಗೀಸರ್ ಕಾಯಿಲ್ ಉಳಿಯುತ್ತೆ, ಆದ್ರೆ ಮೀಟರ್ ಅಂಕಿ ಹೆಚ್ಚುಕಡಿಮೆ ಹಾಗೇ ಇರುತ್ತೆ. "ಸಾಫ್ಟ್‌ನರ್ ಹಾಕಿದ್ರೂ ಟಿಡಿಎಸ್ ಇಳೀಲಿಲ್ಲ, ಮೋಸ ಆಯ್ತು" ಅನ್ನೋದು ಸರಿಯಲ್ಲ. ಸಾಫ್ಟ್‌ನರ್ ಕೆಲಸ ನೋಡಬೇಕಾದ್ರೆ ಗಡಸುತನದ ಹನಿ ಕಿಟ್ ತಗೊಳ್ಳಿ.

ಆರ್‌ಒ ಔಟ್‌ಪುಟ್ ಟಿಡಿಎಸ್ ಇದ್ದಕ್ಕಿದ್ದಂತೆ ಏರಿದ್ರೆ ನೋಡಬೇಕಾದ ಕ್ರಮವನ್ನೂ ಬರೆದುಬಿಡ್ತೀನಿ. ಮೊದಲು ಕಂಟ್ರೋಲರ್ ಪೂರ್ತಿ ಮುಚ್ಚಿ 10 ನಿಮಿಷ ಓಡಿಸಿ ಅಳೆಯಿರಿ. ಇಳಿದ್ರೆ ಅಲ್ಲೇ ಕಾರಣ. ಇಳಿಯದಿದ್ರೆ ಮೆಂಬ್ರೇನ್ ಹೌಸಿಂಗ್‌ನ ಶುದ್ಧ ನೀರಿನ ಪೈಪ್ ಬಿಚ್ಚಿ ನೇರ ಅಲ್ಲೇ ಅಳೆಯಿರಿ. ಹೊಸ ಮೆಂಬ್ರೇನ್ ಹಾಕಿದ ದಿನವೇ ಅಂಕಿ ಜಾಸ್ತಿ ಇದ್ರೆ ಒ-ರಿಂಗ್ (ರಬ್ಬರ್ ಬಳೆ) ಮಡಿಚಿಕೊಂಡಿದೆ ಅಥವಾ ಮೆಂಬ್ರೇನ್ ಕೊನೆ ತನಕ ಕೂತಿಲ್ಲ. ಕಚ್ಚಾ ನೀರು ಸಂದಿನಿಂದ ನುಗ್ತಾ ಇರುತ್ತೆ. ಆಮೇಲೆ ಒಂದು ನಿಮಿಷ ಶುದ್ಧ ನೀರು, ವೇಸ್ಟ್ ನೀರು ಎರಡನ್ನೂ ಬೇರೆ ಬೇರೆ ಜಗ್ಗಿಗೆ ಹಿಡಿಯಿರಿ. ಸಾಧಾರಣ ಮನೆ ಮಷಿನ್‌ನಲ್ಲಿ 1 ಪಾಲು ಶುದ್ಧಕ್ಕೆ 3 ಪಾಲು ವೇಸ್ಟ್. ವೇಸ್ಟ್ ಹನಿ ಹನಿ ಬಂದ್ರೆ ವೇಸ್ಟ್ ನೀರಿನ ಹರಿವು ಮಿತಿಯಲ್ಲಿಡೋ ಫ್ಲೋ ರಿಸ್ಟ್ರಿಕ್ಟರ್ ಕಟ್ಟಿಕೊಂಡಿದೆ. ಹಾಗೇ ಬಿಟ್ರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿ ಅದೂ ಹೋಗುತ್ತೆ. ಶುದ್ಧ ನೀರು ತೀರಾ ಕಡಿಮೆ, ವೇಸ್ಟ್ ಧಾರಾಳ ಅಂದ್ರೆ ಪಂಪ್ ಒತ್ತಡ ಬಿದ್ದಿದೆ ಇಲ್ಲವೇ ಮೆಂಬ್ರೇನ್ ಕಟ್ಟಿದೆ. 24 ವೋಲ್ಟ್ ಅಡಾಪ್ಟರ್‌ನಿಂದಲೇ ಪರೀಕ್ಷೆ ಶುರು ಮಾಡಿ.

940ರ ನೀರಿಗೆ ಆ ವೇಸ್ಟ್ ನೀರಿನ ಟಿಡಿಎಸ್ ಸುಮಾರು 1230 ಬರುತ್ತೆ. ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ. ಕುಂಡದ ಗಿಡಕ್ಕೆ ದಿನಾ ಹಾಕಿದ್ರೆ ಮಣ್ಣಲ್ಲಿ ಉಪ್ಪು ಕೂತು ಎಲೆ ತುದಿ ಸುಡುತ್ತೆ. ಇನ್ವರ್ಟರ್ ಬ್ಯಾಟರಿಗೆ ಆರ್‌ಒದ ಶುದ್ಧ ನೀರೂ ಬೇಡ, 62 ಕೂಡ ಅದಕ್ಕೆ ಜಾಸ್ತಿ. ಡಿಸ್ಟಿಲ್ಡ್ ವಾಟರ್ ಮಾತ್ರ.

ಲೆಡ್ಜರ್_ಪುಟ

ಈಗ 6,150. ಇಲ್ಲಿ ಹೇಳುವುದೆಲ್ಲ 2025–26ರ ಹಣಕಾಸು ವರ್ಷಕ್ಕೆ, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯಿಸುವುದರಿಂದ ಆ ನಂತರದ ಕಲಂ ಮತ್ತು ನಮೂನೆ ಸಂಖ್ಯೆಗಳು ಬೇರೆ.

ಟಿಡಿಎಸ್ ಅಂದರೆ ಮೂಲದಲ್ಲೇ ತೆರಿಗೆ ಕಡಿತ. ಹಣ ಕೊಡುವವರು ನಿಮ್ಮ ಪರವಾಗಿ ಸ್ವಲ್ಪ ಮುರಿದುಕೊಂಡು, ನಿಮ್ಮ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಕಟ್ಟುತ್ತಾರೆ. ಅದು ಮುಂಗಡ ಜಮೆ. ಕೊನೆಗೆ ಕಟ್ಟಬೇಕಾದ ತೆರಿಗೆ ಅದಕ್ಕಿಂತ ಕಡಿಮೆ ಇದ್ದರೆ ವಾಪಸ್ ಬರುತ್ತದೆ, ಹೆಚ್ಚಿದ್ದರೆ ಉಳಿದದ್ದನ್ನು ಕಟ್ಟಬೇಕು. "ಬ್ಯಾಂಕಿನವರು 10% ಹಿಡಿದಾಯಿತು, ನಮ್ಮ ಕೆಲಸ ಮುಗಿಯಿತು" ಎಂದುಕೊಂಡು 30% ದರದಲ್ಲಿರುವವರು ಬಡ್ಡಿಯನ್ನು ರಿಟರ್ನ್ಸ್‌ನಲ್ಲಿ ತೋರಿಸದೇ ಬಿಡುವುದು, ಆಮೇಲೆ ನೋಟಿಸ್ ಬರುವುದು ತುಂಬಾ ಸಾಮಾನ್ಯ.

ಬ್ಯಾಂಕ್ ಬಡ್ಡಿಗೆ ಕಲಂ 194ಎ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟಿದರೆ ಪೂರ್ತಿ ಬಡ್ಡಿಯ ಮೇಲೆ 10% ಹಿಡಿಯುತ್ತಾರೆ, 60 ತುಂಬಿದವರಿಗೆ ಈ ಮಿತಿ 1,00,000. 61,500ಕ್ಕೆ 6,150 ಬಂದದ್ದು ಹೀಗೆ. ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ, 20%. ಒಂದೇ ಬ್ಯಾಂಕಿನ ನಾಲ್ಕು ಶಾಖೆಗೆ ಎಫ್‌ಡಿ ಹಂಚಿದರೂ ಎಲ್ಲ ಶಾಖೆಯ ಬಡ್ಡಿ ಕೂಡಿಸಿಯೇ ಲೆಕ್ಕ. ಬಡ್ಡಿ ಕೈಗೆ ಬರದ, ಕೊನೆಯಲ್ಲಿ ಒಟ್ಟಿಗೆ ಸಿಗುವ ಠೇವಣಿಗೂ ವರ್ಷ ವರ್ಷ ಕಡಿತ ಇದೆ.

ಬೇರೆ ಆದಾಯವಿಲ್ಲದ 58 ವರ್ಷದವರಿಗೆ ತೆರಿಗೆಯೇ ಬರುವುದಿಲ್ಲ, ಪೂರ್ತಿ 6,150 ವಾಪಸ್ ಸಿಗುತ್ತದೆ. ಆದರೆ ಬ್ಯಾಂಕಿನಲ್ಲಿ ಕೇಳಿ ಪ್ರಯೋಜನವಿಲ್ಲ, ಸರ್ಕಾರಕ್ಕೆ ಕಟ್ಟಿದ ಹಣವನ್ನು ಅವರು ಹಿಂದಿರುಗಿಸಲಾರರು. ರಿಟರ್ನ್ಸ್ ಸಲ್ಲಿಸಬೇಕು:

ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ನಮೂನೆ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ತೆರೆಯಿರಿ. 6,150 ಅಲ್ಲಿ ಕಾಣಬೇಕು. ಜನವರಿಯಿಂದ ಮಾರ್ಚ್‌ವರೆಗಿನ ತ್ರೈಮಾಸಿಕ ವಿವರ ಸಲ್ಲಿಸಲು ಬ್ಯಾಂಕಿಗೆ ಮೇ 31ರವರೆಗೆ ಸಮಯವಿದೆ. ಹಾಗಾಗಿ ಏಪ್ರಿಲ್‌ನಲ್ಲೇ ಆತುರಪಟ್ಟು ಸಲ್ಲಿಸಿದರೆ ಕೊನೆಯ ಕಂತು ಕಾಣದೆ ರಿಫಂಡ್ ಕಡಿಮೆ ಬರುತ್ತದೆ. ಜೂನ್ ಮಧ್ಯಭಾಗ ದಾಟಲಿ.

ರಿಟರ್ನ್ಸ್ ನಮೂನೆ ಐಟಿಆರ್-1ರಲ್ಲಿ ಬಡ್ಡಿ 61,500 ಎಂದೇ ತೋರಿಸಿ. ಕೈಗೆ ಬಂದದ್ದು 55,350 ಎಂದು ಅದನ್ನು ತೋರಿಸುವುದು ತಪ್ಪು. ಟಿಡಿಎಸ್ 6,150ಕ್ಕೆ ಬೇರೆ ಕೋಷ್ಟಕವಿದೆ, ಬ್ಯಾಂಕಿನ ಟ್ಯಾನ್ (ತೆರಿಗೆ ಕಡಿತ ಮಾಡುವವರ ಗುರುತಿನ ಸಂಖ್ಯೆ) 26ಎಎಸ್‌ನಲ್ಲಿ ಇರುವಂತೆಯೇ ಇರಲಿ.

ರಿಫಂಡ್ ಬರುವ ಖಾತೆಯನ್ನು ಪೋರ್ಟಲ್‌ನಲ್ಲಿ ಮುಂಚೆಯೇ ದೃಢೀಕರಿಸಿ. ಪ್ಯಾನ್‌ನಲ್ಲಿರುವ ಹೆಸರು ಮತ್ತು ಬ್ಯಾಂಕಿನ ಹೆಸರು ಹೊಂದದಿದ್ದರೆ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಮೂಲಕ ಇ-ವೆರಿಫೈ ಮಾಡದಿದ್ದರೆ ಸಲ್ಲಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಮುಂದೆ ಕಡಿತವೇ ಬೇಡವೆಂದರೆ ಹಣಕಾಸು ವರ್ಷದ ಆರಂಭದಲ್ಲೇ ಸ್ವಯಂ ಘೋಷಣೆ ಕೊಡಬೇಕು. ಹಳೆಯ ಕಾಯ್ದೆಯಲ್ಲಿ ಅದು 60ರ ಒಳಗಿನವರಿಗೆ 15ಜಿ, 60 ತುಂಬಿದವರಿಗೆ 15ಎಚ್. ಠೇವಣಿ ಇರುವ ಪ್ರತಿ ಬ್ಯಾಂಕಿಗೂ ಬೇರೆ ಬೇರೆ, ಪ್ರತಿ ವರ್ಷವೂ ಹೊಸದಾಗಿ. ತೆರಿಗೆ ಬರುವ ಆದಾಯವಿದ್ದೂ ಕೊಟ್ಟರೆ ಸುಳ್ಳು ಘೋಷಣೆ ಎಂದು ಮೊಕದ್ದಮೆಗೆ ಅವಕಾಶವಿದೆ, ಕೌಂಟರಿನಲ್ಲಿ ಹೇಳಿದರೆಂದು ಕಣ್ಣುಮುಚ್ಚಿ ಸಹಿ ಹಾಕಬೇಡಿ.

ಮಲ್ಲೇಶ್ವರ_8ನೇ_ಕ್ರಾಸ್

ಬಾಡಿಗೆಗೂ ಟಿಡಿಎಸ್ ಹಿಡಿಯಬೇಕು ಅಂತಾರಲ್ಲ ಸರ್, ಸಂಬಳದ ನೌಕರರೂ ಹಿಡಿಯಬೇಕಾ? ಮನೆ ಮಾಲೀಕರು ವಿದೇಶದಲ್ಲಿದ್ರೆ?

ಲೆಡ್ಜರ್_ಪುಟ

ತಿಂಗಳ ಬಾಡಿಗೆ 50,000 ಮೀರಿದರೆ ಹೌದು. ಕಲಂ 194-ಐಬಿ, ದರ 2%. 2024ರ ಅಕ್ಟೋಬರ್ 1ಕ್ಕೆ ಮುಂಚೆ ಇದು 5% ಇತ್ತು. ಪ್ರತಿ ತಿಂಗಳು ಹಿಡಿಯುವುದು ಬೇಡ. ವರ್ಷದ ಕೊನೆಯ ತಿಂಗಳಲ್ಲಿ, ಅಥವಾ ನಡುವೆ ಮನೆ ಬಿಟ್ಟರೆ ಆ ಕೊನೆಯ ತಿಂಗಳಲ್ಲಿ, ಒಮ್ಮೆ ಹಿಡಿದರೆ ಸಾಕು. 55,000ದಂತೆ 12 ತಿಂಗಳಿಗೆ 6,60,000, ಅದರ 2% ಎಂದರೆ 13,200. ಮಾರ್ಚ್ ಬಾಡಿಗೆಯಲ್ಲಿ ಅಷ್ಟು ಮುರಿದು, ಏಪ್ರಿಲ್ 30ರೊಳಗೆ ನಮೂನೆ 26ಕ್ಯೂಸಿಯಲ್ಲಿ ಕಟ್ಟಿ, ಮಾಲೀಕರಿಗೆ 16ಸಿ ಎಂಬ ಕಡಿತದ ಪ್ರಮಾಣಪತ್ರ ಕೊಡಬೇಕು. ಬಾಡಿಗೆದಾರರಿಗೆ ಟ್ಯಾನ್ ಬೇಡ, ಪ್ಯಾನ್ ಸಾಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಜೊತೆಗೆ ಬಡ್ಡಿ.

ಮಾಲೀಕರು ಅನಿವಾಸಿಯಾಗಿದ್ದರೆ ಎಲ್ಲವೂ ಬೇರೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಇಟ್ಟು ಅಮೆರಿಕದಲ್ಲೋ ದುಬೈನಲ್ಲೋ ಇರುವ ಕನ್ನಡಿಗರ ಬಾಡಿಗೆದಾರರು ಇದನ್ನು ಗಮನಿಸಲೇಬೇಕು. ಕಲಂ 195 ಅನ್ವಯಿಸುತ್ತದೆ, 50,000ದ ಮಿತಿ ಇಲ್ಲ. 20,000 ಬಾಡಿಗೆಗೂ ಸೆಸ್ ಸೇರಿ 31.2% ಪ್ರತಿ ತಿಂಗಳು ಹಿಡಿದು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಮಾರ್ಚ್‌ದಕ್ಕೆ ಮಾತ್ರ ಏಪ್ರಿಲ್ 30. ಇಲ್ಲಿ ಬಾಡಿಗೆದಾರರು ಟ್ಯಾನ್ ಪಡೆದು ಮೂರು ತಿಂಗಳಿಗೊಮ್ಮೆ ಕಡಿತದ ವಿವರವನ್ನು ನಮೂನೆ 27ಕ್ಯೂನಲ್ಲಿ ಸಲ್ಲಿಸಬೇಕು. ಮಾಲೀಕರಿಗೆ ಅಷ್ಟು ತೆರಿಗೆ ಬರುವುದಿಲ್ಲವೆಂದರೆ ಅವರೇ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರಬೇಕು. ಕರಾರು ಬರೆಯುವ ದಿನವೇ ಮಾಲೀಕರ ನಿವಾಸಿ ಸ್ಥಿತಿಯನ್ನು ಲಿಖಿತವಾಗಿ ಕೇಳಿ. ಹಿಡಿಯದೇ ಬಿಟ್ಟರೆ ಇಲಾಖೆ ವಸೂಲಿಗೆ ಬರುವುದು ಬಾಡಿಗೆದಾರರ ಹತ್ತಿರ.

ಗುತ್ತಿಗೆ_ಕೆಲಸ

ಸರ್ಕಾರಿ ಕಾಮಗಾರಿ ಮಾಡೋರಿಗೆ ಬಿಲ್ಲಿನಲ್ಲಿ ಎರಡು ಟಿಡಿಎಸ್ ಇರುತ್ತೆ, ಅದನ್ನೂ ಹೇಳಿಬಿಡ್ತೀನಿ. ಒಂದು ಆದಾಯ ತೆರಿಗೆಯದ್ದು, ಹಳೇ ಕಾಯ್ದೆಯ ಕಲಂ 194ಸಿ: ವ್ಯಕ್ತಿಗೆ 1%, ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಗೆ 2%. ಇನ್ನೊಂದು ಜಿಎಸ್‌ಟಿಯದ್ದು: ಕರಾರಿನ ಮೌಲ್ಯ 2.5 ಲಕ್ಷ ದಾಟಿದ್ರೆ 2%, ರಾಜ್ಯದೊಳಗಿನ ಕೆಲಸ ಆದ್ರೆ ಕೇಂದ್ರಕ್ಕೆ 1, ರಾಜ್ಯಕ್ಕೆ 1. ಮೊದಲನೆಯದು 26ಎಎಸ್‌ಗೆ ಹೋಗುತ್ತೆ. ಎರಡನೆಯದು ಅಲ್ಲಿ ಕಾಣಲ್ಲ, ಇಲಾಖೆಯವರು ಜಿಎಸ್‌ಟಿಆರ್-7 (ಜಿಎಸ್‌ಟಿ ಕಡಿತದ ವಿವರ) ಸಲ್ಲಿಸಿದ ಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ "ಟಿಡಿಎಸ್ ಮತ್ತು ಟಿಸಿಎಸ್ ಕ್ರೆಡಿಟ್" ಅನ್ನೋ ಕಡೆ ಬರುತ್ತೆ. ನೀವೇ ಒಳಗೆ ಹೋಗಿ ಒಪ್ಪಿಗೆ ಕೊಟ್ಟು ಸಲ್ಲಿಸಿದ್ರೆ ಮಾತ್ರ ಕ್ಯಾಶ್ ಲೆಡ್ಜರ್‌ಗೆ ಜಮೆ. ಒಪ್ಪಿಗೆ ಕೊಡದೆ ಆ ದುಡ್ಡು ಅಲ್ಲೇ ಕೂತಿರೋ ಗುತ್ತಿಗೆದಾರರು ಬೇಕಾದಷ್ಟು ಜನ. ಎರಡೂ ಲೆಕ್ಕ ಹಾಕೋದು ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ಸಾಲಲ್ಲಿ ತೋರಿಸಿ, ಇಲ್ಲದಿದ್ರೆ ಪೂರ್ತಿ ಮೊತ್ತಕ್ಕೆ ಹಿಡೀತಾರೆ.

ಅರೇಬಿಕಾ_ಮೂಡಿಗೆರೆ

ನಾಲ್ಕನೇ ಟಿಡಿಎಸ್ ಕಾಫಿಯವರದ್ದು. ಇಳಿಸಿದ ಡಿಕಾಕ್ಷನ್ನಿನಲ್ಲಿ ಕರಗಿರೋ ಕಾಫಿ ಶೇಕಡಾ ಎಷ್ಟು ಅನ್ನೋದು. ಕಪ್ಪು ಫಿಲ್ಟರ್ ಬ್ರೂಗೆ 1.15ರಿಂದ 1.35% ರೂಢಿಯ ಗುರಿ. 15 ಗ್ರಾಂ ಪುಡಿಗೆ 220 ಗ್ರಾಂ ಕಾಫಿ ಇಳಿದು, ಟಿಡಿಎಸ್ 1.30% ಇದ್ರೆ, ಕರಗಿದ್ದು 2.86 ಗ್ರಾಂ, ಪುಡಿಯ 19%. 18–22%ರ ಒಳಗಿದೆ, ಸರಿ. 18ಕ್ಕಿಂತ ಕಡಿಮೆ ಬಂದ್ರೆ ಪುಡಿ ದಪ್ಪ ಅಥವಾ ನೀರು ತಣ್ಣಗೆ, ಕಾಫಿ ಹುಳಿ ಹುಳಿ. ನೀರಿನ ಪೆನ್ ಮೀಟರ್ ಇಲ್ಲಿ ನಡೆಯಲ್ಲ, ಕಾಫಿಯಲ್ಲಿ ಕರಗಿದ್ದರಲ್ಲಿ ಬಹುಪಾಲು ವಿದ್ಯುತ್ ಹರಿಸಲ್ಲ. ಬೆಳಕು ಬಾಗೋದನ್ನ ಅಳೆಯೋ ರಿಫ್ರಾಕ್ಟೊಮೀಟರ್ ಬೇಕು. ಬ್ರೂ ಮಾಡೋ ನೀರಿನ ಟಿಡಿಎಸ್ 150 ಆಸುಪಾಸಿದ್ರೆ ಒಳ್ಳೇದು.

ಪೀಣ್ಯ_ಸ್ಟೋರ್ಸ್

ಪೇಂಟ್, ಎಪಾಕ್ಸಿ, ವಾಟರ್‌ಪ್ರೂಫಿಂಗ್ ಡಬ್ಬಿ ಜೊತೆ ಬರೋ ಟಿಡಿಎಸ್ ಅಂದ್ರೆ ತಾಂತ್ರಿಕ ಮಾಹಿತಿ ಪತ್ರ. ಬೆರೆಸೋ ಪ್ರಮಾಣ, ಬೆರೆಸಿದ ಮೇಲೆ ಎಷ್ಟು ನಿಮಿಷದಲ್ಲಿ ಬಳಸಬೇಕು, ಎರಡು ಕೋಟ್ ನಡುವಿನ ಅಂತರ ಅದರಲ್ಲಿರುತ್ತೆ. ಪ್ರಮಾಣ ತೂಕದ ಲೆಕ್ಕವೋ ಅಳತೆಯ ಲೆಕ್ಕವೋ ಅಂತ ಓದಿ, ಎಪಾಕ್ಸಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯೋದು ಹೆಚ್ಚಾಗಿ ಇದರಿಂದ. ಕಣ್ಣಿಗೆ ಬಿದ್ರೆ ಏನು ಮಾಡಬೇಕು ಅನ್ನೋದು ಇದರಲ್ಲಿ ಸಾಮಾನ್ಯವಾಗಿ ಇರಲ್ಲ. ಅದಕ್ಕೆ 16 ಭಾಗಗಳ ಎಸ್‌ಡಿಎಸ್ (ಸುರಕ್ಷತಾ ಮಾಹಿತಿ ಪತ್ರ) ಅನ್ನೋ ಬೇರೆ ಕಾಗದ ಕೇಳಿ ತಗೊಳ್ಳಿ.

ಶಿರಾ_ಗೇಟ್

ಎಲ್ಲರಿಗೂ ಧನ್ಯವಾದ. ಕಂಟ್ರೋಲರ್ ಮುಚ್ಚಿಸಿ, ಬೋರ್‌ವೆಲ್ ನೀರು ಪರೀಕ್ಷೆಗೆ ಕೊಡ್ತೀನಿ. ಕೊನೇದಾಗಿ ಒಂದು: 26ಎಎಸ್‌ನಲ್ಲಿ 6,150 ಬದಲು 4,600 ಮಾತ್ರ ಕಾಣ್ತಿದ್ರೆ?

ಲೆಡ್ಜರ್_ಪುಟ

ಯಾವ ತ್ರೈಮಾಸಿಕದ್ದು ಬಿಟ್ಟುಹೋಗಿದೆ ನೋಡಿ, 26ಎಎಸ್‌ನಲ್ಲಿ ದಿನಾಂಕ ಸಹಿತ ಸಾಲು ಸಾಲಾಗಿ ಇರುತ್ತದೆ. ಕೊನೆಯದು ಮಾತ್ರ ಇಲ್ಲವೆಂದರೆ ಜೂನ್‌ವರೆಗೆ ಕಾಯಿರಿ. ನಡುವಿನದು ಇಲ್ಲವೆಂದರೆ ಬ್ಯಾಂಕಿನವರು ಪ್ಯಾನ್ ತಪ್ಪಾಗಿ ಹಾಕಿರಬಹುದು. ಎಫ್‌ಡಿ ಸಂಖ್ಯೆ, ಪ್ಯಾನ್ ಪ್ರತಿ, ಕಡಿತ ತೋರಿಸುವ ಸ್ಟೇಟ್‌ಮೆಂಟ್ ಲಗತ್ತಿಸಿ ಶಾಖೆಗೆ ಲಿಖಿತ ಮನವಿ ಕೊಡಿ, ಸ್ವೀಕೃತಿ ಸಹಿ ಪಡೆಯಿರಿ. ಅವರು ತಿದ್ದುಪಡಿ ವಿವರ ಸಲ್ಲಿಸಿದ ಮೇಲೆ ನಿಮ್ಮ 26ಎಎಸ್‌ಗೆ ಬರಲು ಕೆಲವು ದಿನ ಹಿಡಿಯುತ್ತದೆ. ಅದು ಕಂಡ ಮೇಲೆಯೇ ಐಟಿಆರ್ ಸಲ್ಲಿಸಿ, ಆದರೆ ಜುಲೈ 31ರ ಗಡುವು ದಾಟಿಸಬೇಡಿ. ಅಷ್ಟರಲ್ಲಿ ಬರದಿದ್ದರೆ ಈಗ ಸಲ್ಲಿಸಿ, ಬಂದ ಮೇಲೆ ಪರಿಷ್ಕೃತ ರಿಟರ್ನ್ಸ್ ಹಾಕಬಹುದು.